ವಿವೇಕ: ಬೆಂಗಳೂರು ದಂಡಿನ ಆರೋಗ್ಯ ಚರಿತ್ರೆಯಲ್ಲಿ

ವಿವೇಕವೆಂದರೆ ಅರಿತದ್ದಕ್ಕೆ ತಕ್ಕಂತೆ ನಡೆಯನ್ನು ತಿದ್ದಿಕೊಳ್ಳುವ ಶಕ್ತಿ. ತಿಳಿವಳಿಕೆ ಹೆಚ್ಚಿದರೆ ಅದೂ ತಾನಾಗಿ ಹೆಚ್ಚುತ್ತದೆಂದು ನಂಬುವವರು ಬಹಳ. 1809ರಲ್ಲಿ ಹಲಸೂರಿನ ಬಳಿ ನೆಲೆಯೂರಿದ ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಚರಿತ್ರೆ ಈ ನಂಬಿಕೆಗೆ ಒತ್ತಾಸೆ ಕೊಡುವುದಿಲ್ಲ. 1883ರಲ್ಲಿ ಇಲ್ಲಿ ಹಂಗಾಮಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯಾಚೆಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಸೊಳ್ಳೆಕಾಟ ತಗ್ಗಿತು. ಸೈನ್ಯಾಧಿಕಾರಿಗಳ ಊಟದ ಮನೆಯ ಸುತ್ತಲೂ ಹಾಗೇ ಮಾಡೋಣವೆಂದಾಗ ಅಡ್ಜುಟೆಂಟ್ ಒಪ್ಪಲಿಲ್ಲ. ಪ್ರಕೃತಿಯ ಕ್ರಮವನ್ನು ಕೆಡಿಸಬಾರದೆಂಬುದು ಅವರ ವಾದವಾಗಿತ್ತು. ಕಣ್ಣೆದುರಿನ ಸಾಕ್ಷ್ಯ ಇಬ್ಬರಿಗೂ ಒಂದೇ. ರೂಢಿಗಿಂತ ಸಾಕ್ಷ್ಯವನ್ನು ದೊಡ್ಡದೆಂದು ಎಣಿಸುವ ಮನಸ್ಸು ಮಾತ್ರ ಒಬ್ಬರಲ್ಲಿತ್ತು. ಆ ರಾಸ್ ಕೂಡ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಎಳೆಯರು ರೇಖಾಗಣಿತದಲ್ಲಿ ನಿಪುಣರಾಗಬಲ್ಲರು, ವಿವೇಕಿಗಳಾಗಲು ಕಾಲ ಬೇಕು ಎಂದು ಅರಿಸ್ಟಾಟಲ್ ಹೇಳಿದ್ದು ಇಂಥ ನಿಧಾನವನ್ನು ಕಂಡೇ ಇರಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ದಂಡಿನ ಹಳೆಯ ವಸತಿಗಳಲ್ಲಿ, ಇಂದಿನ ಶಿವಾಜಿನಗರವಾದ ಬ್ಲ್ಯಾಕ್‌ಪಲ್ಲಿಯಂಥ ಕಡೆಗಳಲ್ಲಿ, ಮನೆಗೆ ಮನೆ ಅಂಟಿಕೊಂಡಿತ್ತು. ಈ ಹೊಡೆತದಿಂದ ಊರು ಕಲಿತದ್ದು ಕಟ್ಟಡಗಳಲ್ಲೇ ಕಾಣುತ್ತದೆ. ಗಾಳಿ ಬೆಳಕಿಗೆ ಎಡೆಬಿಟ್ಟು ರೂಪಿಸಿದ ಫ್ರೇಜರ್ ಟೌನ್ 1910ರಲ್ಲಿ ಬಳಕೆಗೆ ಬಂತು. ಪ್ಲೇಗಿಗೆ ಎಡೆಗೊಡದ ನಗರ ಯೋಜನೆಯ ಕುರಿತು ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಪುಸ್ತಕವನ್ನೇ ಬರೆದರು. ವ್ಯಕ್ತಿಯ ಅನುಭವ ಅವನೊಂದಿಗೇ ಮುಗಿಯುತ್ತದೆ. ಊರಿನ ಅನುಭವ ರಸ್ತೆಯ ಅಗಲದಲ್ಲಿ, ಕಟ್ಟಡದ ನಿಯಮದಲ್ಲಿ ಉಳಿದು, ಪ್ಲೇಗನ್ನು ಕಾಣದ ಮೊಮ್ಮಕ್ಕಳನ್ನೂ ಕಾಯುತ್ತದೆ.

ಇದು ವಿವೇಕವಲ್ಲ, ಭಯ ಮತ್ತು ಬಲವಂತ ಎಂಬ ಆಕ್ಷೇಪಕ್ಕೆ ಆಧಾರವಿದೆ. ಪುಣೆಯಲ್ಲಿ ಮನೆಗಳಿಗೆ ನುಗ್ಗಿ ನಡೆಸಿದ ತಪಾಸಣೆ ಎಬ್ಬಿಸಿದ ಆಕ್ರೋಶ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ ಮೇಲಿನ ಗುಂಡಿನ ದಾಳಿಯವರೆಗೂ ಹೋಯಿತು. ಆದರೆ ಭಯ ಓಡಿಸುತ್ತದೆ ಅಷ್ಟೆ, ರೋಗ ಇಳಿದ ಮೇಲೂ ವರ್ಷಗಟ್ಟಲೆ ಯೋಜಿಸಿ ಕಟ್ಟಿಸುವುದಿಲ್ಲ. ಕಾರಣವೇ ಸರಿಯಾಗಿ ತಿಳಿಯದವರನ್ನು ವಿವೇಕಿಗಳೆನ್ನಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಪ್ಲೇಗ್ ಹರಡುವುದರಲ್ಲಿ ಚಿಗಟದ ಪಾತ್ರವನ್ನು ವೈದ್ಯ ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ 1898ರಲ್ಲೇ ತೋರಿಸಿದರೂ ವೈದ್ಯಲೋಕ ಅದನ್ನು ಒಪ್ಪಲು ತಡಮಾಡಿತು. ಇತ್ತ ಕನ್ನಡ ನಾಡಿನ ಜನ ಇಲಿ ಬಿತ್ತೆಂದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನಿಗೆ ಹರಕೆ ಹೊತ್ತವರೂ ಅವರೇ. ಅವರ ವಿವರಣೆ ತಪ್ಪಿರಬಹುದು, ಕಂಡದ್ದು ತಪ್ಪಿರಲಿಲ್ಲ, ನಡೆದುಕೊಂಡದ್ದೂ ತಪ್ಪಿರಲಿಲ್ಲ. ಕಾರಣ ಪೂರ್ತಿ ತಿಳಿಯುವ ಮುನ್ನವೇ ತಕ್ಕ ಹೆಜ್ಜೆ ಇಡುವುದು ವಿವೇಕದ ಬಹುಮುಖ್ಯ ಲಕ್ಷಣ. ಅದಕ್ಕೆ ಓದು ಸಹಾಯಕ, ಅನಿವಾರ್ಯವಲ್ಲ.

ಮೂರನೆಯ ಆಕ್ಷೇಪಕ್ಕೆ ಮಾತ್ರ ತೃಪ್ತಿಕರ ಉತ್ತರವಿಲ್ಲ. ಹೊಸ ಬಡಾವಣೆಯ ನಿವೇಶನ ಕೊಳ್ಳಬಲ್ಲವರಿಗೆ ದಕ್ಕಿದ ಗಾಳಿ ಬೆಳಕು ಬ್ಲ್ಯಾಕ್‌ಪಲ್ಲಿಯ ಕೂಲಿಕಾರರಿಗೂ ಕಸುಬುದಾರರಿಗೂ ಅದೇ ಅಳತೆಯಲ್ಲಿ ದಕ್ಕಲಿಲ್ಲ. ಇಕ್ಕಟ್ಟಾದ ಹಳೆಯ ಓಣಿಗಳೇ ಕೊನೆಯವರೆಗೆ ಕಾಯಬೇಕಾಯಿತು. 1949ರಲ್ಲಿ ದಂಡೂ ಹಳೆಯ ಊರಾದ ಪೇಟೆಯೂ ಒಂದೇ ಕಾರ್ಪೊರೇಷನ್ ಆಡಳಿತಕ್ಕೆ ಬಂದಾಗ ಆ ಓಣಿಗಳ ಹೊಣೆಯೂ ಅದರ ಪಾಲಿಗೆ ಬಂತು.