ಮೂರು ಮೆಟ್ಟಿಲ ಊರು

ಬೆಂಗಳೂರಿನ ಹಳೆಯ ಬಡಾವಣೆಗಳು: 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬಸವನಗುಡಿ, ಮಲ್ಲೇಶ್ವರ. ಗಾಳಿ ಬೆಳಕಿಗೆಂದು ಅಗಲ ರಸ್ತೆ, ಮನೆ ಮುಂದೆ ಜಗಲಿ. ಈ ಬಡಾವಣೆಗಳನ್ನು ಹೊಗಳದ ಸ್ಮರಣ ಸಂಚಿಕೆಯೇ ಇಲ್ಲ. ಆದರೆ ಜಗಲಿ ಎಂದರೆ ಎರಡು ಮೂರು ಮೆಟ್ಟಿಲು. ಪೋಲಿಯೊ ತಗುಲಿದ ಮಗುವಿಗೆ ಊರು ಅಲ್ಲಿಗೇ ಮುಗಿಯುತ್ತಿತ್ತು. ಎತ್ತಿಕೊಂಡು ಹೋಗುವವರಿದ್ದರೆ ಶಾಲೆ. ಮಗು ಬೆಳೆದು ಭಾರವಾದ ಮೇಲೆ ಕಿಟಕಿ ಪಕ್ಕದ ಮಂಚ.

ಇಂಥ ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಅದೇ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ; ಇಂದು ಲಿಂಗರಾಜಪುರದ ‘ಎಪಿಡಿ’ ಎಂದರೆ ಆಟೋದವರಿಗೂ ಗೊತ್ತು. ಹೇಮಾ ಅವರಿಗೂ ಪೋಲಿಯೊ ಆಗಿತ್ತು, ಗಾಲಿಕುರ್ಚಿಯಲ್ಲೇ ಓಡಾಡಿದವರು. ಈ ಸಂಸ್ಥೆಯ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ದಾನ ಕೊಡುವವರು ಮೊದಲು ಅನ್ನ, ಬಟ್ಟೆ ನೆನೆಯುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ನೆನಪಾಗುವುದು ಶಾಲೆ, ಸಂಬಳ.

ಸೋತ ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಒಂದನ್ನೇ ನೋಡಿ. ಕಾಲಿನ ಅಳತೆಗೆ ಉಕ್ಕಿನ ಸರಳು ಬಗ್ಗಿಸಿ, ಚರ್ಮದ ಪಟ್ಟಿ ಹೊಲಿದು, ಬೂಟಿಗೆ ಜೋಡಿಸಬೇಕು. ಮಗು ಬೆಳೆದಂತೆಲ್ಲ ಬದಲಿಸಬೇಕು. ಒಮ್ಮೆ ಸಮಾರಂಭದಲ್ಲಿ ಹಂಚಿ ಫೋಟೊ ತೆಗೆಸಿಕೊಂಡರೆ ಸಾಲದು. ಎಪಿಡಿ ಶಾಲೆ, ಚಿಕಿತ್ಸೆ, ಕೈಗಾರಿಕಾ ತರಬೇತಿಗಳನ್ನು ಒಂದೇ ಕಡೆ ತಂದಿತು. ಆಮೇಲೆ ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆ ತರಬೇತಿಯೂ ಶುರುವಾಯಿತು. ಕುಂಡಕ್ಕೆ ಮಣ್ಣು ತುಂಬುವುದು, ಸಸಿ ನಾಟುವುದು, ಕಸಿ ಕಟ್ಟುವುದು ಕೂತೇ ಮಾಡಬಹುದಾದ ಕೆಲಸ. ತೋಟದ ಹುಚ್ಚಿರುವ ಈ ಊರಿನಲ್ಲಿ ಅದಕ್ಕೆ ಗಿರಾಕಿಗಳೂ ಉಂಟು.

ಅಂಗವಿಕಲರ ಹಕ್ಕುಗಳಿಗೆ ಕಾನೂನು ಬಂದದ್ದು ತಡವಾಗಿ: ಮೊದಲು 1995ರಲ್ಲಿ, ನಂತರ 2016ರಲ್ಲಿ. ಎರಡನೆಯದು 21 ಬಗೆಯ ವೈಕಲ್ಯಗಳನ್ನು ಗುರುತಿಸಿ ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಿಟ್ಟಿತು. ಈ ನಡುವೆ ಅಂಗವಿಕಲರನ್ನು ಕರೆಯುವ ಹೆಸರುಗಳೂ ಬದಲಾದವು. ನಮ್ಮ ರಾಜ್ಯ ಸರ್ಕಾರ ‘ವಿಕಲಚೇತನ’ ಎನ್ನುತ್ತದೆ. ಕಾಲು ಸೋತರೆ ಚೇತನ ಹೇಗೆ ವಿಕಲವಾಯಿತೋ, ಪದ ಟಂಕಿಸಿದವರೇ ಬಲ್ಲರು.

2014ರಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಗೂ 2017ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೂ ಮೆಟ್ರೊ ಬಂತು, ಜೊತೆಗೆ ಲಿಫ್ಟ್. ಗಾಲಿಕುರ್ಚಿ ಸಲೀಸಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಚರಂಡಿಯ ಮೇಲಿನ ಚಪ್ಪಡಿ, ಅಡ್ಡ ನಿಂತ ಸ್ಕೂಟರು, ಅದರಾಚೆ ಯಾರದೋ ಮನೆಯ ಮೂರು ಮೆಟ್ಟಿಲು.