ಕೆಟ್ಟ ಲ್ಯಾಪ್‌ಟಾಪ್, ನಿರಾಕರಿಸಿದ ವಾರಂಟಿ: ಕಾರಣವನ್ನು ಸಾಬೀತುಪಡಿಸಬೇಕಾದವರು ಯಾರು?

ವಾರಂಟಿ ಇರುವಾಗಲೇ ಕೆಟ್ಟ ಲ್ಯಾಪ್‌ಟಾಪನ್ನು ಸರ್ವೀಸ್ ಸೆಂಟರಿಗೆ ಒಯ್ದವರು ಉಚಿತ ದುರಸ್ತಿಯ ಬದಲು ದೊಡ್ಡ ಮೊತ್ತದ ಎಸ್ಟಿಮೇಟ್ ಹಿಡಿದು ಹಿಂದಿರುಗುವುದು ಅಪರೂಪವಲ್ಲ. ಹೇಳುವ ಕಾರಣಗಳು ಬಹುಮಟ್ಟಿಗೆ ಮೂರೇ. ಒಳಗೆ ನೀರು ಹೋಗಿದೆ, ಏಟು ಬಿದ್ದಿದೆ ಅಥವಾ ಹೊರಗಿನವರು ಬಿಚ್ಚಿದ್ದಾರೆ, ಅವಧಿ ಮುಗಿದಿದೆ. ಇವುಗಳಲ್ಲಿ ಕೊನೆಯದನ್ನು ಬಿಲ್ಲಿನ ಮೇಲಿನ ದಿನಾಂಕ ನೋಡಿ ಹೇಳಿಬಿಡಬಹುದು. ಮೊದಲೆರಡು ಹಾಗಲ್ಲ. ಅವು ಯಂತ್ರ ಏಕೆ ಕೆಟ್ಟಿತು ಎಂಬುದರ ಬಗ್ಗೆ ಕೊಟ್ಟ ತೀರ್ಮಾನಗಳು. ಆ ತೀರ್ಮಾನ ಕೊಡುವವರು ದುರಸ್ತಿಯ ಖರ್ಚು ಹೊರಬೇಕಾದ ಕಂಪನಿಯ ಪರವಾಗಿ ಕೂತವರು.

ಗ್ರಾಹಕರ ಸಿಟ್ಟು ಸಾಮಾನ್ಯವಾಗಿ ಕೌಂಟರಿನಲ್ಲಿ ಕೂತವರ ವರ್ತನೆಯ ಮೇಲೆ ಹರಿಯುತ್ತದೆ. ಈ ಟಿಪ್ಪಣಿ ಅದನ್ನು ಪಕ್ಕಕ್ಕಿಟ್ಟು, ಕೆಡಲು ಇದೇ ಕಾರಣ ಎಂಬುದನ್ನು ಸಾಬೀತುಪಡಿಸುವ ಭಾರ ಯಾರದು ಎಂಬ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತದೆ. ದಾಖಲೆಗಳು ಚೆನ್ನಾಗಿ ಲಭ್ಯವಿರುವ ಅಮೆರಿಕದ ಪ್ರಕರಣಗಳನ್ನು ಮೊದಲು ನೋಡಿ, ಅವು ಕಲಿಸುವುದನ್ನು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜೊತೆಗಿಟ್ಟು ಓದುವುದು ಇಲ್ಲಿಯ ಕ್ರಮ.

1. ಎನ್‌ವಿಡಿಯಾ ಚಿಪ್ಪುಗಳು: ಒಂದು ದೋಷ, ನೂರಾರು ಹೆಸರು

2008ರ ಜುಲೈ 2ರಂದು ಎನ್‌ವಿಡಿಯಾ ಕಂಪನಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಗೆ ಒಂದು ಹೇಳಿಕೆ ಸಲ್ಲಿಸಿತು. ಹಿಂದಿನ ಪೀಳಿಗೆಯ ಕೆಲವು ಗ್ರಾಫಿಕ್ಸ್ ಚಿಪ್ಪುಗಳು ಲ್ಯಾಪ್‌ಟಾಪುಗಳಲ್ಲಿ ಮಾಮೂಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೆಡುತ್ತಿವೆ, ಚಿಪ್ ಮತ್ತು ಅದರ ಪ್ಯಾಕೇಜಿಗೆ ಬಳಸಿದ ವಸ್ತುಗಳು ದುರ್ಬಲವಾಗಿವೆ, ದುರಸ್ತಿ ಮತ್ತು ಬದಲಾವಣೆಯ ವೆಚ್ಚಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿಡಲಾಗುವುದು ಎಂಬುದು ಅದರ ಸಾರ. ಆ ತ್ರೈಮಾಸಿಕದಲ್ಲಿ ಕೊನೆಗೆ ಲೆಕ್ಕಕ್ಕೆ ಹಾಕಿದ್ದು 19.6 ಕೋಟಿ ಡಾಲರ್.

ದೋಷದ ಬಗೆ ಹೀಗೆ. ಸಿಲಿಕಾನ್ ಚಿಪ್ಪನ್ನು ಅದರ ಕೆಳಗಿನ ತಳಹಲಗೆಗೆ ಬೆಸೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಗುಂಡುಗಳು. ಅವುಗಳ ಸುತ್ತ ಆಧಾರಕ್ಕೆಂದು ಒಂದು ರಾಳವನ್ನು ತುಂಬಿರುತ್ತಾರೆ. ಲ್ಯಾಪ್‌ಟಾಪ್ ಬಳಸುವಾಗ ಚಿಪ್ ಕಾಯುತ್ತದೆ, ಮುಚ್ಚಿಟ್ಟಾಗ ಆರುತ್ತದೆ. ಚಿಪ್ಪೂ ತಳಹಲಗೆಯೂ ಹಿಗ್ಗಿ ಕುಗ್ಗುವ ಪ್ರಮಾಣ ಬೇರೆಬೇರೆ. ರಾಳ ಬಿಸಿಗೆ ಮೆದುವಾದರೆ ಆ ಎಳೆದಾಟವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ದಿನಕ್ಕೆ ಹಲವು ಸಲ ಕಾದು ಆರುವ ಯಂತ್ರದಲ್ಲಿ ತಿಂಗಳುಗಳ ನಂತರ ಬೆಸುಗೆ ಬಿರುಕು ಬಿಡುತ್ತದೆ. ಇಂಥ ಚಿಪ್ಪನ್ನು ಜೋರಾಗಿ ಕಾಯಿಸಿದರೆ ಕೆಲವು ದಿನ ಜೀವ ಬರುತ್ತದೆ, ಮತ್ತೆ ಹೋಗುತ್ತದೆ. ರಿಪೇರಿ ಅಂಗಡಿಗಳಲ್ಲಿ ‘ಹೀಟ್ ಕೊಡುವುದು’, ‘ರೀಬಾಲಿಂಗ್’ ಎಂಬ ಮಾತುಗಳು ಬಳಕೆಗೆ ಬಂದದ್ದು ಇಂಥ ಕೆಲಸಗಳಿಂದ.

ಬಳಕೆದಾರರಿಗೆ ಇದ್ಯಾವುದೂ ಕಾಣುವಂತಿರಲಿಲ್ಲ. ಒಬ್ಬರಿಗೆ ಪರದೆ ಕಪ್ಪಾಯಿತು, ಇನ್ನೊಬ್ಬರಿಗೆ ಪರದೆಯಲ್ಲಿ ಗೆರೆಗಳು ಮೂಡಿದವು, ಮತ್ತೊಬ್ಬರ ಯಂತ್ರ ಆನ್ ಆಗಲೇ ಇಲ್ಲ. ಸರ್ವೀಸ್ ಸೆಂಟರಿನ ದಾಖಲೆಯಲ್ಲಿ ಇವು ಬೇರೆಬೇರೆ ತೊಂದರೆಗಳು. ದುರಸ್ತಿಯೂ ಕಾರಣ ಹುಡುಕುವ ಕೆಲಸವಾಗಿರಲಿಲ್ಲ. ಮದರ್‌ಬೋರ್ಡ್ ತೆಗೆದು ಅದೇ ಬಗೆಯ ಇನ್ನೊಂದನ್ನು ಕೂರಿಸುವುದಷ್ಟೇ. ಹೊಸ ಬೋರ್ಡಿನಲ್ಲೂ ಅದೇ ಚಿಪ್ ಇದ್ದರೆ ಕೆಡುವ ಗಡಿಯಾರ ಮತ್ತೆ ಮೊದಲಿನಿಂದ ಓಡತೊಡಗುತ್ತದೆ.

ಈ ಪ್ರಕರಣದಲ್ಲಿ ಅತ್ಯಂತ ಗಮನಾರ್ಹವಾದದ್ದು ಆಪಲ್ ಕಂಪನಿಯ ಅನುಭವ. ತನ್ನ ಕಂಪ್ಯೂಟರುಗಳಲ್ಲಿರುವ ಚಿಪ್ಪುಗಳಿಗೆ ಈ ತೊಂದರೆಯಿಲ್ಲವೆಂದು ಎನ್‌ವಿಡಿಯಾ ಭರವಸೆ ಕೊಟ್ಟಿತ್ತು, ಆದರೆ ತಾನೇ ನಡೆಸಿದ ತನಿಖೆಯಲ್ಲಿ ಕೆಲವು ಮ್ಯಾಕ್‌ಬುಕ್ ಪ್ರೊ ಯಂತ್ರಗಳಿಗೂ ಅದು ತಟ್ಟಿರಬಹುದೆಂದು ಗೊತ್ತಾಯಿತು ಎಂದು 2008ರ ಅಕ್ಟೋಬರಿನಲ್ಲಿ ಆಪಲ್ ತಿಳಿಸಿತು. ಸ್ವಂತ ಎಂಜಿನಿಯರುಗಳೂ ಪ್ರಯೋಗಾಲಯಗಳೂ ಇರುವ, ಚಿಪ್ಪುಗಳನ್ನು ಸಗಟಾಗಿ ಕೊಳ್ಳುವ ಕಂಪನಿಗೇ ತಯಾರಕರ ಮಾತನ್ನು ಮೀರಿ ನಿಜ ತಿಳಿಯಲು ಪ್ರತ್ಯೇಕ ತನಿಖೆ ಬೇಕಾಯಿತು. ಒಂದೇ ಒಂದು ಲ್ಯಾಪ್‌ಟಾಪ್ ಕೊಂಡವರು ಅದರೊಳಗಿನ ತಯಾರಿಕಾ ದೋಷವನ್ನು ತಾವೇ ತೋರಿಸಿಕೊಡಬೇಕೆಂದರೆ ಅದರ ಅರ್ಥವೇನು ಎಂಬುದನ್ನು ಇದರಿಂದ ಊಹಿಸಬಹುದು.

2. ಅವಧಿ ಎಂಬ ಗೆರೆ

ಮೂರನೆಯ ಕಾರಣವಾದ ‘ಅವಧಿ ಮುಗಿದಿದೆ’ ಎಂಬುದೂ ಕಾಣುವಷ್ಟು ನಿರ್ವಿವಾದವಲ್ಲ ಎಂದು ಇದೇ ಪ್ರಕರಣ ತೋರಿಸುತ್ತದೆ. ಕಾದು ಆರುವ ಸುತ್ತುಗಳಿಂದ ಬರುವ ಬಿರುಕಿಗೆ ಕಾಲ ಬೇಕು. ಹಾಗಾಗಿ ಕೊಂಡ ದಿನವೇ ಒಳಗಿದ್ದ ದೋಷ ಹದಿಮೂರನೆಯ ತಿಂಗಳಲ್ಲೋ ಇಪ್ಪತ್ತನೆಯ ತಿಂಗಳಲ್ಲೋ ಹೊರಬೀಳಬಹುದು. ಎಚ್‌ಪಿ ಮತ್ತು ಡೆಲ್ ಆಗ ಫ್ಯಾನ್ ಹೆಚ್ಚು ಹೊತ್ತು ತಿರುಗುವಂತೆ ಮಾಡುವ ಬಯೋಸ್ ಅಪ್‌ಡೇಟುಗಳನ್ನು ಕೊಟ್ಟವು. ಇದು ಬಿರುಕನ್ನು ಮುಂದೂಡಬಲ್ಲದು, ದುರ್ಬಲ ವಸ್ತುವನ್ನು ಬದಲಿಸಲಾರದು. ಜೊತೆಗೆ ಬೇರೇನೂ ಮಾಡದಿದ್ದರೆ ಕೆಡುವ ದಿನ ವಾರಂಟಿಯ ಗೆರೆಯ ಆಚೆಗೆ ಸರಿಯುತ್ತದೆ, ಖರ್ಚು ಗ್ರಾಹಕರ ತಲೆಗೆ ಬರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಕಂಪನಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಎಚ್‌ಪಿ 2007ರ ನವೆಂಬರಿನಲ್ಲೇ ಕೆಲವು ಪೆವಿಲಿಯನ್ ಮತ್ತು ಪ್ರೆಸಾರಿಯೊ ಮಾದರಿಗಳಿಗೆ, ಪಟ್ಟಿ ಮಾಡಿದ ತೊಂದರೆಗಳ ಮಟ್ಟಿಗೆ, ವಾರಂಟಿಯನ್ನು 24 ತಿಂಗಳಿಗೆ ಹಿಗ್ಗಿಸಿತ್ತು. ಡೆಲ್ 2008ರಲ್ಲಿ 12 ತಿಂಗಳು ಸೇರಿಸಿತು. ಆಪಲ್ ಮೊದಲು ಕೊಂಡ ದಿನದಿಂದ ಎರಡು ವರ್ಷ ಎಂದದ್ದನ್ನು ಮುಂದೆ ನಾಲ್ಕು ವರ್ಷಕ್ಕೆ ಒಯ್ದಿತು. ಪಟ್ಟಿಯಲ್ಲಿಲ್ಲದ ಮಾದರಿಯನ್ನು ಕೊಂಡವರು ಹೊರಗುಳಿದರು. ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ನಡೆದು 2010ರಲ್ಲಿ ರಾಜಿಯಾಯಿತು. ಡೆಲ್ ಮತ್ತು ಆಪಲ್ ಯಂತ್ರಗಳಿಗೆ ದುರಸ್ತಿ, ಎಚ್‌ಪಿ ಯಂತ್ರಗಳಿಗೆ ಬದಲಿ ಲ್ಯಾಪ್‌ಟಾಪ್ ಎಂಬುದು ಅದರ ತಿರುಳು. ಕೊಟ್ಟ ಬದಲಿ ಮಾದರಿ ಹಳೆಯದಕ್ಕೆ ಸಮವಲ್ಲ ಎಂದು ಹಲವರು ತಕರಾರು ತೆಗೆದರು. ಈ ಪರಿಹಾರ ಅಮೆರಿಕದಲ್ಲಿ ಕೊಂಡವರಿಗೆ ಸೀಮಿತವಾಗಿತ್ತು. ಅದೇ ಚಿಪ್ಪಿನ ಯಂತ್ರವನ್ನು ಬೆಂಗಳೂರಿನಲ್ಲಿ ಕೊಂಡವರಿಗೆ ಅದರಲ್ಲಿ ಪಾಲಿರಲಿಲ್ಲ.

3. ಗುರುತಿನಿಂದ ಕಾರಣಕ್ಕೆ ಹಾರುವುದು

ನೀರು ಹೋಗಿದೆ ಎಂಬ ನಿರಾಕರಣೆಯ ಹಿಂದೆ ಹಲವು ಸಲ ಇರುವುದು ಒದ್ದೆ ತಾಗಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಒಂದು ಸಣ್ಣ ಪಟ್ಟಿ. ಐಫೋನ್ ಮತ್ತು ಐಪಾಡ್ ಟಚ್‌ಗಳಲ್ಲಿ ಈ ಪಟ್ಟಿಯ ಬಣ್ಣವನ್ನೇ ಆಧರಿಸಿ ವಾರಂಟಿ ನಿರಾಕರಿಸಿದ್ದರ ವಿರುದ್ಧದ ದಾವೆಯಲ್ಲಿ ಆಪಲ್ 2013ರಲ್ಲಿ 5.3 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಗಾಳಿಯ ತೇವದಿಂದಲೇ ಬಣ್ಣ ತಿರುಗಬಹುದು ಎಂಬುದು ದೂರುದಾರರ ವಾದವಾಗಿತ್ತು. ಕಂಪನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ರಾಜಿ ತೀರ್ಪಲ್ಲ, ಅದನ್ನು ದೋಷದ ಪುರಾವೆಯಾಗಿ ಓದಬಾರದು. ಆದರೂ ವಾದದ ತರ್ಕ ಲ್ಯಾಪ್‌ಟಾಪಿಗೂ ಅನ್ವಯಿಸುತ್ತದೆ. ಪಟ್ಟಿ ಹೇಳುವುದು ಆ ಜಾಗಕ್ಕೆ ಎಂದೋ ತೇವ ತಾಗಿತ್ತು ಎಂದಷ್ಟೇ. ಬೋರ್ಡ್ ಕೆಟ್ಟದ್ದು ಅದರಿಂದಲೇ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಆಷಾಢದ ಮಂಗಳೂರು, ಉಡುಪಿಗಳಲ್ಲಿ ಈ ವ್ಯತ್ಯಾಸ ಬರೀ ತರ್ಕದ ಮಾತಲ್ಲ.

‘ಹೊರಗಿನವರು ಬಿಚ್ಚಿದ್ದಾರೆ’ ಎಂಬುದರ ಗತಿಯೂ ಇದೇ. ಸ್ಟಿಕ್ಕರ್ ಹರಿದಿದ್ದರೆ ವಾರಂಟಿ ರದ್ದು ಎಂಬ ಬರಹ 1975ರ ವಾರಂಟಿ ಕಾಯ್ದೆಗೆ ವಿರುದ್ಧವಾಗಬಹುದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲಿನಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಬಿಚ್ಚಿದ್ದರಿಂದಲೇ ಕೆಟ್ಟಿತು ಎಂದು ತೋರಿಸಿದರೆ ಆ ಹಾನಿಗೆ ವಾರಂಟಿ ನಿರಾಕರಿಸಬಹುದು. ಬಿಚ್ಚಿದ್ದೇ ತಪ್ಪೆಂದು ಇಡೀ ವಾರಂಟಿಯನ್ನು ಕಳೆಯುವಂತಿಲ್ಲ.

ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್ ಇದಕ್ಕೆ ಪೂರಕ ಉದಾಹರಣೆ. 2015ರಲ್ಲಿ ಬಂದ ಈ ತೆಳುವಾದ ಕೀಲಿಗಳು ಧೂಳಿನ ಕಣಕ್ಕೂ ಸಿಕ್ಕಿಹಾಕಿಕೊಳ್ಳುತ್ತವೆ, ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಮೂಡುತ್ತದೆ ಎಂಬ ದೂರುಗಳು ಹಬ್ಬಿದವು. ಧೂಳು ಬಿದ್ದಿತೆಂದರೆ ತಪ್ಪು ಬಳಸಿದವರದೋ, ಮನೆಯ ಮಾಮೂಲಿ ಧೂಳನ್ನು ತಾಳದಂತೆ ಕೀಬೋರ್ಡ್ ರೂಪಿಸಿದವರದೋ? 2018ರ ಜೂನಿನಲ್ಲಿ ಆಪಲ್ ಮೊದಲ ಮಾರಾಟದಿಂದ ನಾಲ್ಕು ವರ್ಷದವರೆಗೆ ಉಚಿತ ದುರಸ್ತಿ ಘೋಷಿಸಿತು. 2022ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಎರಡು ಅಥವಾ ಹೆಚ್ಚು ಸಲ ಕೀಬೋರ್ಡ್ ಬದಲಿಸಿದವರಿಗೆ ಗರಿಷ್ಠ 395 ಡಾಲರ್, ಒಂದು ಸಲ ಬದಲಿಸಿದವರಿಗೆ 125, ಬರೀ ಕೀಲಿ ಬದಲಿಸಿದವರಿಗೆ 50. ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ ಈ ಹಣ. ಮತ್ತೆ ಮತ್ತೆ ದುರಸ್ತಿಯಾದದ್ದನ್ನೇ ಇಲ್ಲಿ ಹೆಚ್ಚಿನ ಪರಿಹಾರದ ಅಳತೆಯಾಗಿ ಹಿಡಿದಿರುವುದನ್ನು ಗಮನಿಸಬೇಕು.

4. ನಮ್ಮ ಕಾಯ್ದೆಯ ಮುಂದೆ

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರ ಓಡಾಟವನ್ನು ಕಡಿಮೆ ಮಾಡಿದೆ. ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಕಲಂ 2(10)ರಲ್ಲಿರುವ ದೋಷದ ವ್ಯಾಖ್ಯೆ ಗುಣಮಟ್ಟದ ಯಾವುದೇ ಕೊರತೆಯನ್ನು ಒಳಗೊಳ್ಳುತ್ತದೆ. ಅದರಲ್ಲಿ ವಾರಂಟಿ ಅವಧಿಯ ಮಾತೇ ಇಲ್ಲ. ದೂರಿಗಿರುವ ಎರಡು ವರ್ಷದ ಮಿತಿಯೂ ಎಣಿಕೆಯಾಗುವುದು ವ್ಯಾಜ್ಯಕಾರಣ ಹುಟ್ಟಿದ ದಿನದಿಂದ.

ತೊಡಕು ಇರುವುದು ಪುರಾವೆಯಲ್ಲಿ. ಕಾಯ್ದೆ ಹೊಸದಾಗಿ ತಂದ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಇಲ್ಲಿ ನೆರವಿಗೆ ಬರುವುದಿಲ್ಲ. ಕಲಂ 2(22) ಹಾನಿಯನ್ನು ವ್ಯಾಖ್ಯಾನಿಸುವಾಗ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಟ್ಟಿದೆ. ಬ್ಯಾಟರಿ ಸಿಡಿದು ಕೈ ಸುಟ್ಟರೆ ಆ ಅಧ್ಯಾಯ ಉಂಟು, ಬೋರ್ಡ್ ಸತ್ತರೆ ಇಲ್ಲ. ಹಾಗಾಗಿ ಲ್ಯಾಪ್‌ಟಾಪ್ ಮಾಲೀಕರು ದೋಷ ಮತ್ತು ಸೇವಾನ್ಯೂನತೆಯ ಹಳೆಯ ಹಾದಿಯಲ್ಲೇ ನಡೆಯಬೇಕು. ಆ ಹಾದಿಯಲ್ಲಿ ಎದುರು ಕಕ್ಷಿ ಸಾಮಾನ್ಯವಾಗಿ ಎತ್ತುವ ಮೊದಲ ತಕರಾರು, ತಯಾರಿಕಾ ದೋಷಕ್ಕೆ ತಜ್ಞರ ವರದಿ ಎಲ್ಲಿ ಎಂಬುದು. ಕಲಂ 38(2)(ಸಿ) ಪ್ರಕಾರ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ ಅದರ ಶುಲ್ಕವನ್ನು ಮುಂಗಡವಾಗಿ ಕಟ್ಟಲು ಹೇಳುವುದು ದೂರುದಾರರಿಗೆ. ಪ್ರಯೋಗಾಲಯ ನೋಡುವುದೂ ಒಂದೇ ಯಂತ್ರವನ್ನು. ಎನ್‌ವಿಡಿಯಾ ಬಗೆಯ ದೋಷ ಸ್ಪಷ್ಟವಾಗುವುದು ಒಂದು ಬೋರ್ಡಿನ ಬಿರುಕಿನಿಂದಲ್ಲ, ಅದೇ ಮಾದರಿಯ ಸಾವಿರಾರು ಯಂತ್ರಗಳು ಒಂದೇ ಬಗೆಯಲ್ಲಿ ಕೆಡುತ್ತಿವೆ ಎಂಬ ಲೆಕ್ಕದಿಂದ. ಆ ಲೆಕ್ಕ ಇರುವುದು ಕಂಪನಿಯ ಸರ್ವೀಸ್ ದಾಖಲೆಗಳಲ್ಲಿ.

5. ಭಾರವನ್ನು ಎಲ್ಲಿಡಬೇಕು

ಯುರೋಪಿಯನ್ ಒಕ್ಕೂಟ ಇದನ್ನು ನೇರವಾಗಿ ಬಗೆಹರಿಸಿದೆ. ಅದರ 2019ರ ಸರಕು ಮಾರಾಟ ನಿರ್ದೇಶನದ ಪ್ರಕಾರ ವಸ್ತು ಕೈಸೇರಿದ ಒಂದು ವರ್ಷದೊಳಗೆ ಕಂಡ ಕೊರತೆ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ; ಹಾಗಲ್ಲವೆಂದು ತೋರಿಸಬೇಕಾದವರು ಮಾರಿದವರು. ನಮ್ಮ ಕಾಯ್ದೆಯಲ್ಲಿ ಇಂಥ ಊಹೆಯನ್ನು ಬರೆದಿಟ್ಟಿಲ್ಲ. ಆದರೂ ಇರುವ ಸಲಕರಣೆಗಳಿಂದ ಹತ್ತಿರದ ಫಲ ಪಡೆಯಲು ಸಾಧ್ಯ ಎಂಬುದು ಈ ಟಿಪ್ಪಣಿಯ ವಾದ. ಅದಕ್ಕೆ ಮೂರು ಆಧಾರಗಳಿವೆ.

ಮೊದಲನೆಯದು, ಒಬ್ಬರಿಗೆ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ಸಾಬೀತುಪಡಿಸುವ ಭಾರ ಅವರದೇ ಎಂಬ ತತ್ವ. 1872ರ ಸಾಕ್ಷ್ಯ ಕಾಯ್ದೆಯ ಕಲಂ 106ರಲ್ಲಿದ್ದ ಇದು 2023ರ ಹೊಸ ಸಾಕ್ಷ್ಯ ಕಾಯ್ದೆಯ ಕಲಂ 109ರಲ್ಲಿ ಮುಂದುವರಿದಿದೆ. ಎರಡನೆಯದು, ವಿಮೆಯ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳುತ್ತ ಬಂದದ್ದು. ಹೊರಗಿಡುವ ಷರತ್ತನ್ನು ಮುಂದೊಡ್ಡುವ ವಿಮಾ ಕಂಪನಿಯೇ ಆ ಷರತ್ತು ಅನ್ವಯಿಸುತ್ತದೆಂದು ತೋರಿಸಬೇಕು ಎಂದು 2023ರ ವೇದಿಕ್ ರೆಸಾರ್ಟ್ಸ್ ಪ್ರಕರಣದಲ್ಲಿ ಅದು ಪುನರುಚ್ಚರಿಸಿತು. ವಾರಂಟಿ ವಿಮೆಯಲ್ಲ. ಆದರೆ ‘ನೀರಿನಿಂದಾದ ಹಾನಿಗೆ ಅನ್ವಯಿಸದು’ ಎಂಬ ವಾರಂಟಿಯ ಸಾಲು ರಚನೆಯಲ್ಲಿ ಅಂಥದೇ ಷರತ್ತು. ಮೂರನೆಯದು, ಹೆಚ್ಚು ಬಳಕೆಗೆ ಬರಬೇಕಾದ ಕಲಂ 38(9). ದಾಖಲೆಗಳನ್ನು ಹಾಜರುಪಡಿಸಲು ಆದೇಶಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಅದು ಜಿಲ್ಲಾ ಆಯೋಗಕ್ಕೆ ಕೊಟ್ಟಿದೆ.

ಹಲವರು ಸೇರಿ ದೂರು ಕೊಡುವ ದಾರಿಯೂ ಮುಚ್ಚಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನ ಫ್ಲ್ಯಾಟುಗಳ ಬಗೆಗಿನ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿತು. ಎಲ್ಲ ಗ್ರಾಹಕರ ಪರವಾದ ಪ್ರಾತಿನಿಧಿಕ ದೂರಿಗೆ ಹಿತಾಸಕ್ತಿ ಒಂದೇ ಎಂದು ದೂರಿನಲ್ಲೇ ತೋರಿಸಬೇಕು. ಅದು ಆಗದಿದ್ದರೂ ಕೆಲವರು ತಮ್ಮತಮ್ಮ ಪರವಾಗಿ ಜಂಟಿ ದೂರು ಸಲ್ಲಿಸಲು ಅಡ್ಡಿಯಿಲ್ಲ. ಒಂದೇ ಮಾದರಿಯ ಲ್ಯಾಪ್‌ಟಾಪ್ ಕೊಂಡು ಒಂದೇ ಬಗೆಯಲ್ಲಿ ಕಳೆದುಕೊಂಡ ಕಾಲೇಜಿನ ಹತ್ತು ವಿದ್ಯಾರ್ಥಿಗಳಿಗೆ ಈ ಎರಡನೆಯ ದಾರಿ ಹೆಚ್ಚು ಸುಲಭ. ಹತ್ತು ಯಂತ್ರಗಳ ಜಾಬ್ ಶೀಟುಗಳು ಒಟ್ಟಿಗೆ ಬಂದಾಗ, ಹತ್ತೂ ಮಂದಿ ನೀರು ಚೆಲ್ಲಿಕೊಂಡರು ಎಂದು ನಂಬಿಸುವುದು ಕಷ್ಟ.

ನಿರಾಕರಣೆಗಳೆಲ್ಲ ಸುಳ್ಳು ಎಂಬುದು ಇದರ ಅರ್ಥವಲ್ಲ. ಚಹಾ ಚೆಲ್ಲಿಕೊಂಡು ಸುಮ್ಮನಿರುವವರೂ ಇದ್ದಾರೆ, ತುಕ್ಕು ಹಿಡಿದ ಬೋರ್ಡನ್ನು ಕಂಡು ಸರಿಯಾಗಿಯೇ ಬರೆಯುವ ತಂತ್ರಜ್ಞರೂ ಇದ್ದಾರೆ. ಅಂಥ ಕಡೆ ಬಿಚ್ಚಿದ ಬೋರ್ಡಿನ ಫೋಟೊ, ತೇವ ತಾಗಿದ ಜಾಗ, ಅದಕ್ಕೂ ಸತ್ತ ಭಾಗಕ್ಕೂ ಇರುವ ಸಂಬಂಧ, ಇಷ್ಟನ್ನು ಜಾಬ್ ಶೀಟಿನಲ್ಲಿ ದಾಖಲಿಸುವುದು ಕಂಪನಿಗೆ ಹೊರೆಯಲ್ಲ. ಹಾಗೆ ದಾಖಲಿಸದೆ ‘ಲಿಕ್ವಿಡ್ ಡ್ಯಾಮೇಜ್’ ಎಂಬ ಎರಡು ಪದ ಬರೆದು ಕಳಿಸಿದ್ದರೆ ಅದನ್ನು ಕಂಪನಿಯ ಹೇಳಿಕೆಯೆಂದು ಪರಿಗಣಿಸಬೇಕೇ ಹೊರತು ಪುರಾವೆಯೆಂದಲ್ಲ. ದೂರು ಬರೆಯುವವರು ಮಾಡಬಹುದಾದದ್ದು ಇಷ್ಟು: ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವುದು, ಹಳೆಯ ಜಾಬ್ ಶೀಟುಗಳನ್ನೆಲ್ಲ ಉಳಿಸಿಕೊಳ್ಳುವುದು, ಪ್ರಯೋಗಾಲಯದ ಕೋರಿಕೆಯ ಜೊತೆಗೆ ಅದೇ ಮಾದರಿಯ ದುರಸ್ತಿ ದಾಖಲೆಗಳನ್ನು ಹಾಜರುಪಡಿಸುವಂತೆ ಕಲಂ 38(9)ರ ಅಡಿ ಅರ್ಜಿ ಹಾಕುವುದು. ಆದೇಶವಾದ ಮೇಲೂ ಕಂಪನಿ ದಾಖಲೆ ತರದಿದ್ದರೆ, ತಂದಿದ್ದರೆ ಅವು ತನಗೆ ವಿರುದ್ಧವಾಗಿರುತ್ತಿದ್ದವು ಎಂದು ಊಹಿಸಲು ಸಾಕ್ಷ್ಯ ಕಾನೂನು ಆಯೋಗಕ್ಕೆ ಅವಕಾಶ ಕೊಡುತ್ತದೆ.