ಸ್ವತಂತ್ರಪುರ: ಗೋಡೆಯಿಲ್ಲದ ಬಂದೀಖಾನೆಯೊಂದರ ಗಡಿನಾಡ ಚರಿತ್ರೆ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಟಗಿಯಂತಹ ಕನ್ನಡದ ಊರುಗಳ ಚರಿತ್ರೆಯನ್ನು ಬರೆಯುವಾಗ ಗಡಿವಿವಾದದ ಕಡತಗಳೇ ಮುನ್ನೆಲೆಗೆ ಬರುವುದು ವಾಡಿಕೆ. ಇದೇ ಜಿಲ್ಲೆಯ ಆಟಪಾಡಿಯ ಬಳಿ 1939ರಲ್ಲಿ ನೆಲೆಗೊಂಡ ‘ಸ್ವತಂತ್ರಪುರ’ವೆಂಬ ಕೈದಿಗಳ ಮುಕ್ತ ವಸಾಹತು ಈ ಸೀಮೆಯ ಮತ್ತೊಂದು ಮುಖವನ್ನು ಕಾಣಿಸುತ್ತದೆ. ದುಡಿಮೆಗಾಗಿ ಕೈದಿಯನ್ನು ಗೋಡೆಯಿಂದಾಚೆ ಬಿಡುವ ಪದ್ಧತಿಯ ಭಾರತೀಯ ಚರಿತ್ರೆಯಲ್ಲಿ ಅದಕ್ಕೆ ಮುಖ್ಯ ಸ್ಥಾನವಿದೆ.

ಆಟಪಾಡಿ ಆಗ ಔಂಧ ಸಂಸ್ಥಾನಕ್ಕೆ ಸೇರಿತ್ತು. ಚದುರಿದ ತುಣುಕುಗಳ ಆ ಸಂಸ್ಥಾನದಲ್ಲಿ ವಿಜಯಪುರ ಸೀಮೆಯ ಕನ್ನಡ ಪ್ರದೇಶವಾದ ಗುಣದಾಳವೂ ಒಂದು ಭಾಗ. ದೊರೆ ಭವಾನರಾವ್ ಪಂತ ಪ್ರತಿನಿಧಿ 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ಪ್ರಜೆಗಳಿಗೆ ಅಧಿಕಾರ ಒಪ್ಪಿಸುವ ಸ್ವರಾಜ್ಯ ಸಂವಿಧಾನವನ್ನು ಜಾರಿಗೆ ತಂದರು. ಈ ಪ್ರಯೋಗದಲ್ಲಿ ದೊರೆಯ ಮಗ ಅಪ್ಪಾ ಪಂತರ ಜೊತೆಗಿದ್ದವರು ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬಂದಿದ್ದ ಅವರು ಮುಂದೆ ಸಂನ್ಯಾಸ ಸ್ವೀಕರಿಸಿ ಭಾರತಾನಂದರಾದರು. ಸ್ವತಂತ್ರಪುರದ ಕಲ್ಪನೆ ಅವರದು.

ಅಲ್ಲಿ ಕೈದಿಗೆ ದೊರೆತದ್ದು ಕೆಲಸ ಮಾತ್ರವಲ್ಲ. ಹೆಂಡತಿ ಮಕ್ಕಳೊಡನೆ ಬಾಳಲು ಮನೆ, ಉಳಲು ಹೊಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು 1913ರ ಹ್ಯೂಬರ್ ಕಾಯಿದೆಯಲ್ಲಿ ಹಿಡಿದ ದಾರಿ ಬೇರೆ. ಅಲ್ಲಿ ಸಣ್ಣ ಅಪರಾಧದ ಕೈದಿ ಹಗಲು ಹೊರಗೆ ದುಡಿದು ಇರುಳು ಸೆರೆಗೆ ಮರಳುತ್ತಿದ್ದ; ಅವನ ಕೂಲಿಯಿಂದ ಊಟವಸತಿಯ ವೆಚ್ಚವೂ ಅವಲಂಬಿತರ ಪೋಷಣೆಯೂ ಸಲ್ಲಬೇಕಾಗಿತ್ತು. ಒಂದರಲ್ಲಿ ಕೂಲಿ ಮಾತ್ರ ಕುಟುಂಬವನ್ನು ತಲುಪಿತು; ಇನ್ನೊಂದರಲ್ಲಿ ಕುಟುಂಬವೇ ಕೈದಿಯ ಬಳಿಗೆ ಬಂದಿತು. ಬರದ ಸೀಮೆಯಲ್ಲಿ ದುಡಿಯುವ ಆಳೊಬ್ಬ ಸೆರೆ ಸೇರಿದರೆ ಮನೆಮಂದಿಯೆಲ್ಲ ಶಿಕ್ಷೆ ಅನುಭವಿಸುತ್ತಾರೆ. ಎರಡನೆಯ ಮಾದರಿಯ ತೂಕ ಇರುವುದು ಇಲ್ಲಿ.

1948ರ ಮಾರ್ಚಿನಲ್ಲಿ ಜತ್ತ, ಔಂಧ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಂಸ್ಥಾನ ಅಳಿದರೂ ವಸಾಹತು ಉಳಿದು ರಾಜ್ಯದ ಬಂದೀಖಾನೆ ಇಲಾಖೆಗೆ ಸೇರಿತು. 1957ರಲ್ಲಿ ವಿ. ಶಾಂತಾರಾಮರ ‘ದೋ ಆಂಖೇಂ ಬಾರಹ ಹಾಥ್’ ಚಿತ್ರವು ಅದರ ಪ್ರೇರಣೆಯಿಂದ ರೂಪುಗೊಂಡಿತು. ಕಥೆ ಬರೆದ ಗ. ದಿ. ಮಾಡಗೂಳಕರರು ಅದೇ ಸೀಮೆಯವರು. ಚಿತ್ರಕ್ಕೆ ಬರ್ಲಿನ್ ಉತ್ಸವದ ಮನ್ನಣೆಯೂ ದೊರೆಯಿತು. ಆದರೆ ತೆರೆಯ ಮೇಲೆ ಆರು ಕೊಲೆಗಾರರನ್ನು ತಿದ್ದುವುದು ಒಬ್ಬ ಜೈಲರನ ನೈತಿಕ ದೃಷ್ಟಿ. ನೆಲ, ಮನೆ, ಸಂಸಾರ ಎಂಬ ವ್ಯವಸ್ಥೆಯ ಜಾಗದಲ್ಲಿ ಮಹಾಪುರುಷನೊಬ್ಬ ನಿಂತದ್ದರಿಂದ, ಹಕ್ಕಾಗಿ ಬೆಳೆಯಬಹುದಾಗಿದ್ದ ವಿಚಾರವು ಕರುಣೆಯ ಕಥೆಯಾಗಿ ಜನಮನದಲ್ಲಿ ನೆಲೆಯೂರಿತು.

ಈ ವ್ಯತ್ಯಾಸ ಕಾನೂನಿನಲ್ಲಿಯೂ ಮುಖ್ಯ. ಬೆಂಗಳೂರು ಕೇಂದ್ರ ಕಾರಾಗೃಹದ ಸ್ಥಿತಿಗತಿಯಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಬಯಲು ಬಂದೀಖಾನೆಗಳ ಪ್ರಶ್ನೆಯನ್ನು ಪರಿಶೀಲಿಸಿತು. 1998ರ ಗುಜರಾತ್ ಪ್ರಕರಣದಲ್ಲಿ ಕೈದಿಯ ದುಡಿಮೆಗೆ ನ್ಯಾಯಯುತ ಕೂಲಿ ಸಲ್ಲಬೇಕೆಂದೂ ಅದರ ಒಂದು ಪಾಲು ಅಪರಾಧಕ್ಕೆ ಬಲಿಯಾದವರಿಗೆ ಸೇರಬೇಕೆಂದೂ ಹೇಳಿತು. ಆದರೂ ಬಯಲಿಗೆ ಹೋಗುವವರನ್ನು ಆರಿಸುವವರು ಅಧಿಕಾರಿಗಳೇ. ಶಿಕ್ಷೆಯ ಒಂದು ಭಾಗವನ್ನು ಸನ್ನಡತೆಯಿಂದ ಕಳೆದವರು ಮಾತ್ರ ಸಾಮಾನ್ಯವಾಗಿ ಅರ್ಹರು. ವಿಚಾರಣಾಧೀನರು ಈ ಎಣಿಕೆಗೆ ಬರುವುದಿಲ್ಲ. ಭಾರತದ ಸೆರೆಮನೆಗಳಲ್ಲಿ ಬಹುಸಂಖ್ಯಾತರು ಅವರೇ.

ಸನ್ನಡತೆಯನ್ನು ಅಳೆಯುವುದು ಕಡತ; ಕಡತಕ್ಕೆ ಒಂದು ಭಾಷೆಯಿದೆ. ಮರಾಠಿಯ ಆಡಳಿತದಲ್ಲಿ ಕನ್ನಡವಷ್ಟೇ ಬಲ್ಲ ಜತ್ತ ಸೀಮೆಯ ಕೈದಿ ತನ್ನ ಅರ್ಜಿಯನ್ನು ಯಾವ ನುಡಿಯಲ್ಲಿ ಬರೆಯಬೇಕು, ಅದನ್ನು ಓದುವವರು ಯಾರು ಎಂಬುದು ಭಾಷಾ ಅಲ್ಪಸಂಖ್ಯಾತರ ಅಧ್ಯಯನ ಕೇಳಬೇಕಾದ ಪ್ರಶ್ನೆ. ಸ್ವತಂತ್ರಪುರವು ಗೋಡೆಯನ್ನು ತೆಗೆದುಹಾಕಬಹುದೆಂದು ತೋರಿಸಿತು. ಅರ್ಜಿಯ ಭಾಷೆಯೂ ಗೋಡೆಯಾಗಬಲ್ಲದು ಎಂಬುದನ್ನು ಆ ಚರಿತ್ರೆಗೆ ಸೇರಿಸಿ ಓದಬೇಕಾಗಿದೆ.